ಫ್ಲಾರೆನ್ಸ್ ಪೌರಸಭೆಯ ಆಸ್ತಿ ತೆರಿಗೆಯ ಲೆಕ್ಕಗಳು

ತೆರಿಗೆಯ ಲೆಕ್ಕದ ಪುಸ್ತಕಗಳನ್ನು ಸಾಹಿತ್ಯಾಭ್ಯಾಸಿಗಳು ಓದತಕ್ಕ ಅಗತ್ಯವೇನು ಎಂದು ವಾಚಕರು ಕೇಳಬಹುದು. ಚರಿತ್ರಕಾರರಿಗೆ ಅವು ಬೇಕಾದುವೇ ಸರಿ. ಯಾವ ಊರಿನಲ್ಲಿ ಎಷ್ಟು ಮನೆ, ಎಷ್ಟು ಜನ, ಎಷ್ಟು ಹಣ ಎಂಬುದನ್ನು ಅವರು ಅಲ್ಲಿಂದ ಎತ್ತಿಕೊಳ್ಳುತ್ತಾರೆ. ಉಳಿದವರಿಗೆ ಅಂಕಿಗಳ ಸಾಲಿನಲ್ಲಿ ರುಚಿಯಿರುವುದು ಅಪರೂಪ. ಆದರೆ ಇಟಲಿ ದೇಶದ ಫ್ಲಾರೆನ್ಸ್ ನಗರದ ಪೌರಸಭೆಯು ಕ್ರಿ. ಶ. ೧೪೨೭ರಲ್ಲಿ ಬರೆಯಿಸಿ ಇಟ್ಟ ಆಸ್ತಿ ತೆರಿಗೆಯ ಲೆಕ್ಕಗಳಲ್ಲಿ ಅಂಕಿಗಳ ಜೊತೆಗೆ ಮಾತೂ ಉಳಿದುಬಂದಿದೆ. ಉಣ್ಣೆಯ ಕಸಬಿನವನು, ಚಮ್ಮಾರನು, ವಿಧವೆ, ಲೇವಾದೇವಿಯ ವರ್ತಕ, ಶಿಲ್ಪಿ, ಚಿತ್ರಗಾರ, ಹೀಗೆ ಬಗೆಬಗೆಯ ಜನರು ತಮ್ಮ ಮನೆಯ ಸ್ಥಿತಿಯನ್ನು ತಾವೇ, ತಮ್ಮ ಆಡುಮಾತಿನಲ್ಲಿ, ಅಧಿಕಾರಿಗಳ ಮುಂದೆ ನಿವೇದಿಸಿಕೊಂಡಿರುವರು. ಈ ಮಾತನ್ನು ಹೇಗೆ ಓದಬೇಕು, ಎಷ್ಟರಮಟ್ಟಿಗೆ ನಂಬಬೇಕು ಎಂಬುದೇ ಪ್ರಕೃತ ಲೇಖನದ ವಿಷಯ.

ಫ್ಲಾರೆನ್ಸಿಗೆ ಆ ಕಾಲದಲ್ಲಿ ಅರಸನಿರಲಿಲ್ಲ. ಕಸಬಿನ ಶ್ರೇಣಿಗಳಿಗೆ ಸೇರಿದ ಪೌರರಲ್ಲಿ ಚೀಟಿಯೆತ್ತಿ ಆರಿಸಿದ ಅಧಿಕಾರಿಗಳೂ, ಜನರ ಸಭೆ, ಪುರದ ಸಭೆ ಎಂಬ ಎರಡು ಶಾಸನಸಭೆಗಳೂ ನಗರವನ್ನೂ ಅದಕ್ಕೆ ಅಧೀನವಾಗಿದ್ದ ಟಸ್ಕನಿ ಪ್ರಾಂತದ ಊರುಗಳನ್ನೂ ಆಳುತ್ತಿದ್ದುವು. ಯುದ್ಧ ಬಂದಾಗಲೆಲ್ಲ ಪೌರರಿಂದ ಬಲವಂತವಾಗಿ ಸಾಲವೆತ್ತುವುದು ಅಲ್ಲಿನ ಪದ್ಧತಿ. ಹೀಗೆ ಎತ್ತಿದ ಸಾಲಗಳನ್ನೆಲ್ಲ ೧೩೪೫ರಲ್ಲಿ ಒಟ್ಟುಗೂಡಿಸಿ, ಅದಕ್ಕೆ ‘ಮೊಂತೆ’, ಅಂದರೆ ಬೆಟ್ಟ ಅಥವಾ ರಾಶಿ ಎಂದು ಹೆಸರಿಟ್ಟು, ಸಾಲ ಕೊಟ್ಟವರಿಗೆ ಬಡ್ಡಿ ಸಲ್ಲುವಂತೆ ಏರ್ಪಡಿಸಿದ್ದರು. ಸಾಲ ಕೊಡುವವನಿಗೆ ಬಡ್ಡಿಯೇನೋ ಬರುತ್ತಿತ್ತು. ಆದರೆ ಯಾವ ಮನೆಯವನು ಎಷ್ಟು ಕೊಡಬೇಕೆಂಬುದನ್ನು ಗೊತ್ತುಮಾಡುತ್ತಿದ್ದವರು ಆಯಾ ಕೇರಿಯ ಹಿರಿಯರು. ಅವರಿಗೆ ಆಧಾರವೆಂದರೆ ತಮ್ಮ ಊಹೆ. ನೆಂಟನಿಗೆ ಹಗುರವಾಗಿಯೂ ಹಗೆಯವನಿಗೆ ಭಾರವಾಗಿಯೂ ಹೊರಿಸಿದರೆಂಬ ದೂರು ಎಂದೂ ತಪ್ಪಿದ್ದಲ್ಲ. ೧೪೨೩ರಲ್ಲಿ ಮಿಲಾನಿನ ಪ್ರಭುವಾದ ಫಿಲಿಪ್ಪೊ ಮರಿಯಾ ವಿಸ್ಕೊಂತಿಯೊಡನೆ ಯುದ್ಧ ತೊಡಗಿತು. ಮರುವರ್ಷ ಜಾಗೊನಾರ ಎಂಬಲ್ಲಿ ಫ್ಲಾರೆನ್ಸಿನ ಸೈನ್ಯ ಸೋತಿತು. ಕೂಲಿಸೈನಿಕರ ಸಂಬಳ ಬೆಳೆಯಿತು, ಸಾಲದ ಮೇಲೆ ಸಾಲ ಬಂದಿತು, ಕೊಡಲಾರದವರು ಹೆಚ್ಚಿದರು. ಈ ಇಕ್ಕಟ್ಟಿನಲ್ಲಿ ೧೪೨೭ರ ಮೇ ತಿಂಗಳಲ್ಲಿ ‘ಕತಾಸ್ತೊ’ ಎಂಬ ಹೊಸ ಕಟ್ಟಳೆಯನ್ನು ಸಭೆಗಳು ಅಂಗೀಕರಿಸಿದುವು.

ಈ ಕಟ್ಟಳೆಯ ಹುಟ್ಟನ್ನು ಕುರಿತು ಮೆಕಿಯಾವೆಲ್ಲಿಯು ತನ್ನ ಫ್ಲಾರೆನ್ಸಿನ ಇತಿಹಾಸದ ನಾಲ್ಕನೆಯ ಭಾಗದಲ್ಲಿ ಹೇಳಿರುವ ಕಥೆ ಬಹುಕಾಲ ಪ್ರಚಾರದಲ್ಲಿತ್ತು. ಸಿರಿವಂತರೆಲ್ಲರೂ ವಿರೋಧಿಸಿದರೆಂದೂ, ಮೆದಿಚಿ ಮನೆತನದ ಜೊವಾನ್ನಿ ದಿ ಬಿಚ್ಚಿ ಒಬ್ಬನೇ ಬಡವರ ಪಕ್ಷವಹಿಸಿ ಇದನ್ನು ಬೆಂಬಲಿಸಿದನೆಂದೂ ಅವನ ನಿರೂಪಣೆ. ಮೆದಿಚಿ ಮನೆತನದ ಪೋಪನಿಗೆ ಒಪ್ಪಿಸಿದ ಗ್ರಂಥದಲ್ಲಿ ಇಂಥ ಮಾತು ಬಂದುದು ಆಶ್ಚರ್ಯವಲ್ಲ. ನಗರದ ಸಮಾಲೋಚನೆಗಳ ನಡವಳಿಕೆಯ ಪುಸ್ತಕಗಳನ್ನು ಮುಂದಿನ ವಿದ್ವಾಂಸರು ಶೋಧಿಸಿದಾಗ, ಈ ಕಟ್ಟಳೆಗಾಗಿ ದೃಢವಾಗಿ ವಾದಿಸಿದವರಲ್ಲಿ ಮೆದಿಚಿಗಳ ಎದುರಾಳಿಯಾದ ರಿನಾಲ್ದೊ ಆಲ್ಬಿತ್ಸಿಯೂ ಇದ್ದನೆಂದೂ, ಜೊವಾನ್ನಿಯ ಮಾತು ಎಚ್ಚರಿಕೆಯಿಂದ ತೂಗಿದ್ದೆಂದೂ ಕಂಡುಬಂದಿತು. ಬರೆದ ಇತಿಹಾಸವನ್ನು ಬರೆಯದೆ ಉಳಿದ ಕಾಗದಗಳು ತಿದ್ದಿದ ನಿದರ್ಶನಗಳಲ್ಲಿ ಇದೂ ಒಂದು.

‘ಕತಾಸ್ತೊ’ ಎಂಬ ಶಬ್ದ ಫ್ಲಾರೆನ್ಸಿನದಲ್ಲ. ಗ್ರೀಕ್ ಭಾಷೆಯಲ್ಲಿ ‘ಸಾಲುಸಾಲಾಗಿ’ ಎಂಬ ಅರ್ಥದ ಮಾತು ವೆನಿಸ್ಸಿನವರ ಬಾಯಲ್ಲಿ ಪಟ್ಟಿಯ ಪುಸ್ತಕಕ್ಕೆ ಹೆಸರಾಗಿ, ಅಲ್ಲಿಂದ ಇಲ್ಲಿಗೆ ಬಂದಿತು. ಇನ್ನು ಕಟ್ಟಳೆಯ ಕ್ರಮವನ್ನು ನೋಡೋಣ. ಇದು ತಿಳಿಯದಿದ್ದರೆ ಮುಂದಿನದು ತಿಳಿಯದು. ಪ್ರತಿಯೊಬ್ಬ ಗೃಹಸ್ಥನೂ ತನ್ನ ಹೊಲ, ಮನೆ, ಅಂಗಡಿ, ವ್ಯಾಪಾರದ ಬಂಡವಾಳ, ಇತರರಿಂದ ಬರಬೇಕಾದ ಹಣ, ಮೊಂತೆಯಲ್ಲಿರುವ ಸಾಲಪತ್ರಗಳು, ಇವೆಲ್ಲವನ್ನೂ ಬರೆದು ಹತ್ತು ಮಂದಿ ಅಧಿಕಾರಿಗಳಿಗೆ ಒಪ್ಪಿಸತಕ್ಕದ್ದು. ತಾನು ವಾಸಮಾಡುವ ಮನೆ, ಮನೆಯ ಸಾಮಾನು, ಕಸಬಿನ ಉಪಕರಣ, ಇವುಗಳಿಗೆ ತೆರಿಗೆಯಿಲ್ಲ. ಹೊಲದ ಬೆಲೆಯನ್ನು ಅದರ ಹುಟ್ಟುವಳಿಯಿಂದ ಕಟ್ಟುತ್ತಿದ್ದರು: ಗೋದಿ, ದ್ರಾಕ್ಷಾರಸ, ಎಣ್ಣೆ ಮೊದಲಾದುವುಗಳಿಗೆ ಅಧಿಕಾರಿಗಳೇ ದರ ಗೊತ್ತುಮಾಡಿ, ವರ್ಷಕ್ಕೆ ೭ ಫ್ಲಾರಿನ್ ಹುಟ್ಟುವ ಭೂಮಿಗೆ ೧೦೦ ಫ್ಲಾರಿನ್ ಬೆಲೆಯೆಂದು ಎಣಿಸಿದರು. ಫ್ಲಾರಿನ್ ಎಂಬುದು ಆ ನಗರದ ಚಿನ್ನದ ನಾಣ್ಯ. ೧೨೫೨ರಿಂದ ಅಲ್ಲಿ ಅಚ್ಚಾಗುತ್ತಿದ್ದಿತು. ಹೀಗೆ ಬಂದ ಒಟ್ಟು ಬೆಲೆಯಲ್ಲಿ ಸಾಲಗಳನ್ನು ಕಳೆಯಬೇಕು. ಬಾಡಿಗೆ ಕೊಡುವವನಾದರೆ ಆ ಬಾಡಿಗೆಯನ್ನೂ ಇದೇ ದರದಲ್ಲಿ ಬೆಲೆಕಟ್ಟಿ ಕಳೆಯಬೇಕು. ಕೊನೆಗೆ, ಮನೆಯಲ್ಲಿರುವ ಒಂದೊಂದು ‘ಬಾಯಿ’ಗೂ ೨೦೦ ಫ್ಲಾರಿನ್ನಿನಂತೆ ಕಳೆಯಬೇಕು. ಕಟ್ಟಳೆಯ ಶಬ್ದ ಇದೇ: ‘ಬೊಕ್ಕಾ’, ಉಣ್ಣುವ ಬಾಯಿ. ಉಳಿದುದರಲ್ಲಿ ನೂರಕ್ಕೆ ಅರ್ಧ ಫ್ಲಾರಿನ್ ತೆರಿಗೆ. ೧,೦೦೦ ಫ್ಲಾರಿನ್ ಆಸ್ತಿಯುಳ್ಳವನ ಮನೆಯಲ್ಲಿ ಮೂರು ಬಾಯಿಗಳಿದ್ದರೆ, ೬೦೦ ಕಳೆದು, ಉಳಿದ ೪೦೦ಕ್ಕೆ ೨ ಫ್ಲಾರಿನ್ ಆಗುವುದು. ಇದರ ಮೇಲೆ ದುಡಿಯುವ ವಯಸ್ಸಿನ ಗಂಡಸರ ತಲೆಗೆ ಇಷ್ಟೆಂಬ ಸಣ್ಣ ಕಂದಾಯವೊಂದಿತ್ತು. ಇದು ವರ್ಷಕ್ಕೊಮ್ಮೆ ತೆತ್ತು ಮುಗಿಯುವ ತೆರಿಗೆಯೂ ಅಲ್ಲ. ನಗರಕ್ಕೆ ಹಣ ಬೇಕಾದಂತೆ ಇದೇ ಲೆಕ್ಕದ ಮೇಲೆ ಮತ್ತೆ ಮತ್ತೆ ಎತ್ತುತ್ತಿದ್ದರು. ಹೆಸರಿಗೆ ಅದೂ ಸಾಲವೇ ಆಗಿದ್ದಿತು. ಮರೆಮಾಡಿದ ಆಸ್ತಿ ಬಯಲಾದರೆ ಮುಟ್ಟುಗೋಲು.

ಬಾಯಿಗೆ ೨೦೦ ಫ್ಲಾರಿನ್ ಎಂದರೆ ಸಣ್ಣ ಮೊತ್ತವಲ್ಲ. ವರ್ಷಕ್ಕೆ ೧೪ ಫ್ಲಾರಿನ್ ಹುಟ್ಟುವಳಿಯ ಭೂಮಿಯೂ ಮೂಲೆಯಲ್ಲಿ ಕುಳಿತ ಮುದಿ ಅತ್ತೆಯೂ ಲೆಕ್ಕದಲ್ಲಿ ಸಮನಾದರು. ಅಜ್ಜಿಯನ್ನು ಮರೆಯದೆ ಬರೆಯುವುದಕ್ಕೆ ಇದಕ್ಕಿಂತ ಹೆಚ್ಚಿನ ಪ್ರೇರಣೆ ಬೇಕೆ? ಅರಸರ ಚರಿತ್ರೆಗಳೂ ಕವಿಗಳ ಕಾವ್ಯಗಳೂ ಹೆಸರಿಸದ ಮುದುಕಿಯರು, ಕುಂಟರು, ಹುಚ್ಚರು, ತೌರಿಗೆ ಮರಳಿದ ವಿಧವೆಯರು ಈ ಪುಸ್ತಕಗಳಲ್ಲಿ ಹೆಸರು ವಯಸ್ಸುಗಳೊಡನೆ ಕಾಣಿಸಿಕೊಂಡುದು ಕಟ್ಟಳೆಯ ಈ ಒಂದು ವಾಕ್ಯದ ಫಲ.

ಇಲ್ಲಿ ಎರಡು ಬಗೆಯ ಪುಸ್ತಕಗಳನ್ನು ಬೇರ್ಪಡಿಸಿ ತಿಳಿಯಬೇಕು. ಗೃಹಸ್ಥನು ತಾನೇ ಬರೆದೋ, ಬರೆಯಬಾರದವನಾದರೆ ನೆರೆಯವನಿಂದ ಬರೆಯಿಸಿಯೋ ತಂದುಕೊಟ್ಟ ಹೇಳಿಕೆಗೆ ‘ಪೊರ್ತಾತ’ ಎಂದು ಹೆಸರು. ‘ತಂದದ್ದು’ ಎಂದೇ ಶಬ್ದಾರ್ಥ. ಈ ಹೇಳಿಕೆಗಳನ್ನು ಪರೀಕ್ಷಿಸಿ, ಸಂಗ್ರಹಿಸಿ, ಗುಮಾಸ್ತೆಗಳು ದಪ್ಪ ಪುಸ್ತಕಗಳಲ್ಲಿ ಅಂದವಾಗಿ ಎತ್ತಿ ಬರೆದು, ಬೆಲೆ, ಕಳೆತ, ಬಾಕಿಗಳನ್ನು ತೋರಿಸಿದ ಖಾತೆಗೆ ‘ಕಾಂಪಿಯೊನೆ’ ಎಂದು ಹೆಸರು. ನಗರದ ನಾಲ್ಕು ಭಾಗಗಳು, ಒಂದೊಂದು ಭಾಗಕ್ಕೆ ನಾಲ್ಕು ಧ್ವಜಗಳಂತೆ ಹದಿನಾರು ಕೇರಿಗಳು. ಈ ಕ್ರಮದಲ್ಲಿಯೇ ಎರಡು ಬಗೆಯ ಪುಸ್ತಕಗಳನ್ನೂ ಜೋಡಿಸಿದ್ದಾರೆ. ಇವೆಲ್ಲ ಈಗ ಫ್ಲಾರೆನ್ಸಿನ ರಾಜ್ಯ ಪತ್ರಾಗಾರದಲ್ಲಿವೆ. ಹೇಳಿಕೆಯಲ್ಲಿ ಗೃಹಸ್ಥನು ‘ನಾನು’ ಎಂದು ಮಾತಾಡುತ್ತಾನೆ. ಖಾತೆಯಲ್ಲಿ ಅದು ‘ಅವನು’ ಆಗುವುದು. ಹೇಳಿಕೆಯಲ್ಲಿ ಮಗಳೊಬ್ಬಳು ಮದುವೆಗೆ ಬಂದಿದ್ದಾಳೆ, ವರದಕ್ಷಿಣೆಗೆ ಕಾಸಿಲ್ಲ ಎಂದಿರುವುದು. ಕಟ್ಟಳೆಯಲ್ಲಿ ವರದಕ್ಷಿಣೆಗೆ ಕಳೆತವಿಲ್ಲವಾದ್ದರಿಂದ ಖಾತೆಯಲ್ಲಿ ಅವಳು ವಯಸ್ಸೊಂದೇ ಉಳಿದ ಬಾಯಿ. ಹೇಳಿಕೆಯ ಕೊನೆಯಲ್ಲಿ ತಮ್ಮ ಕೃಪೆಗೆ ನನ್ನನ್ನು ಒಪ್ಪಿಸಿಕೊಂಡಿದ್ದೇನೆ ಎಂಬರ್ಥದ ಬಿನ್ನಹವೊಂದು ಸಾಮಾನ್ಯವಾಗಿ ಬರುತ್ತದೆ. ಖಾತೆಯಲ್ಲಿ ಅದಕ್ಕೆ ಎಡೆಯಿಲ್ಲ.

ಇನ್ನೊಂದು ಅಂಶ ಸಾಹಿತ್ಯಾಧ್ಯಾಪಕರ ಗಮನಕ್ಕೆ ತಕ್ಕದ್ದು. ಆ ಕಾಲದ ಫ್ಲಾರೆನ್ಸಿನ ಪಂಡಿತರು ಇತಿಹಾಸವನ್ನೂ ಪತ್ರಗಳನ್ನೂ ಲ್ಯಾಟಿನ್ನಿನಲ್ಲಿ ಬರೆಯುತ್ತಿದ್ದರು. ೧೪೨೭ರ ಕೊನೆಯಲ್ಲಿ ನಗರದ ಪ್ರಧಾನ ಲೇಖಕಾಧಿಕಾರಿಯಾದ ಲಿಯೊನಾರ್ದೊ ಬ್ರೂನಿ ಅವರಲ್ಲಿ ಅಗ್ರಗಣ್ಯ. ಲ್ಯಾಟಿನ್ ಗದ್ಯದಲ್ಲಿ ಪೌರಧರ್ಮವನ್ನು ಕೊಂಡಾಡಿದ ಇಂಥ ಪಂಡಿತರ ಆಸ್ತಿಪಾಸ್ತಿಗಳೇನು ಎಂಬುದನ್ನು ಲಾರೊ ಮಾರ್ತಿನೆಸ್ ಎಂಬ ವಿದ್ವಾಂಸನು ೧೯೬೩ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದೇ ತೆರಿಗೆಯ ಲೆಕ್ಕಗಳಿಂದ ತೆಗೆದು ತೋರಿಸಿದನು; ಬ್ರೂನಿ ನಗರದ ಸಿರಿವಂತರ ಸಾಲಿನಲ್ಲಿಯೇ ಇದ್ದನು. ಇರಲಿ. ತೆರಿಗೆಯ ಹೇಳಿಕೆಗಳ ಭಾಷೆಯಾದರೋ ಲ್ಯಾಟಿನ್ ಅಲ್ಲ, ಟಸ್ಕನಿಯ ದೇಶಭಾಷೆ. ವ್ಯಾಕರಣದ ಕಟ್ಟು ಸಡಿಲ, ಕಾಗುಣಿತ ಬರೆದವನ ಬಾಯಿದ್ದಂತೆ. ಓದಿಸಿಕೊಳ್ಳಬೇಕೆಂಬ ಆಸೆಯಿಂದ ಬರೆದ ಗದ್ಯವಲ್ಲ. ಆದರೆ ಒಬ್ಬನೇ ಓದುಗನನ್ನು, ಅವನು ತೆರಿಗೆಯ ಅಧಿಕಾರಿ, ಒಲಿಸಿಕೊಳ್ಳಬೇಕೆಂಬ ಆಸೆಯಿಂದ ಬರೆದ ಗದ್ಯವೆಂಬುದಂತೂ ನಿಜ.

ನಮ್ಮ ಕಡೆಯ ಸಾಮಗ್ರಿಯನ್ನು ಇದರ ಪಕ್ಕದಲ್ಲಿಟ್ಟು ನೋಡುವ ಆಸೆ ಸಹಜ. ಈ ಲೆಕ್ಕಗಳು ತಯಾರಾಗುತ್ತಿದ್ದಾಗ ವಿಜಯನಗರದಲ್ಲಿ ಎರಡನೆಯ ದೇವರಾಯನು ಆಳುತ್ತಿದ್ದನು. ವಿಜಯನಗರವನ್ನು ಕಂಡುಹೋದ ವೆನಿಸ್ಸಿನ ನಿಕೊಲೊ ದೆ ಕೊಂತಿಯ ಬಾಯಿಂದ ವೃತ್ತಾಂತವನ್ನು ಕೇಳಿ ಲ್ಯಾಟಿನ್ನಿನಲ್ಲಿ ಬರೆದಿಟ್ಟ ಪೊಜ್ಜೊ ಬ್ರಾಚ್ಚೊಲೀನಿಯು ಫ್ಲಾರೆನ್ಸಿನ ಸೀಮೆಯವನೇ. ಕನ್ನಡ ಶಾಸನಗಳಲ್ಲಿ ತೆರಿಗೆಗಳ ಹೆಸರಿಗೆ ಬಡತನವಿಲ್ಲ: ಸಿದ್ಧಾಯ, ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ, ಮನೆವಣ, ಹೀಗೆ ಪಟ್ಟಿ ಬೆಳೆಯುತ್ತದೆ. ದತ್ತಿಯಿತ್ತವನು, ಪಡೆದವನು, ಸಾಕ್ಷಿಗಳು, ಎಲ್ಲೆಯ ಕಲ್ಲುಗಳು, ಇವೆಲ್ಲ ಅಲ್ಲಿ ಉಂಟು. ಮನೆವಣವನ್ನು ತೆತ್ತವನು ತನ್ನ ಮನೆಯನ್ನು ಕುರಿತು ಏನೆಂದನೆಂಬುದು ಶಿಲೆಯ ಮೇಲೆ ಏರುವ ವಿಷಯವಾಗಿರಲಿಲ್ಲ. ಆದುದರಿಂದ ಫ್ಲಾರೆನ್ಸಿನ ಈ ಕಾಗದಗಳು ನಮಗೂ ಅಪೂರ್ವವಾದುವು.

ಆದರೆ ಅಪೂರ್ವವಾದುದೆಲ್ಲ ಯಥಾರ್ಥವಲ್ಲ. ಶಿಲ್ಪಿ ದೊನಾತೆಲ್ಲೊನ ಹೇಳಿಕೆಯನ್ನು ತೆಗೆದುಕೊಳ್ಳೋಣ. ಮನೆಯ ಅಲ್ಪಸ್ವಲ್ಪ ಸಾಮಾನಿನ ಹೊರತು ತನಗೆ ಯಾವ ಆಸ್ತಿಯೂ ಇಲ್ಲವೆಂದೂ, ಮಿಕೆಲೊತ್ಸೊನೊಡನೆ ಪಾಲುಗಾರಿಕೆಯಲ್ಲಿ ಕೆಲಸ ಮಾಡುತ್ತಿರುವೆನೆಂದೂ ಅವನು ತಿಳಿಸುತ್ತಾನೆ. ಬಾಯಿಗಳ ಪಟ್ಟಿ ಹೀಗಿದೆ: ತಾನು, ೪೧ ವರ್ಷ, ತಾಯಿ ಓರ್ಸಾ, ೮೦ ವರ್ಷ, ಅಕ್ಕ ತೀತಾ, ವಿಧವೆ, ೪೫ ವರ್ಷ, ಅವಳ ಮಗ ಜೂಲಿಯಾನೊ, ೧೮ ವರ್ಷ, ಅಂಗವಿಕಲ. ಈ ನಾಲ್ಕು ಸಾಲುಗಳಿಂದ ಒಂದು ಮನೆಯೇ ಕಣ್ಮುಂದೆ ನಿಲ್ಲುವುದು. ಆದರೆ ಆ ವಯಸ್ಸುಗಳನ್ನು ನೋಡಿರಿ. ದೊನಾತೆಲ್ಲೊ ಮುಂದಿನ ತೆರಿಗೆಯ ಹೇಳಿಕೆಗಳಲ್ಲಿ, ೧೪೩೧ರಲ್ಲಿ ೪೨, ೧೪೩೩ರಲ್ಲಿ ೪೭, ೧೪೫೭ರಲ್ಲಿ ೭೫ ಎಂದು ತನ್ನ ವಯಸ್ಸನ್ನು ಬರೆದಿರುವನು. ಇವುಗಳಂತೆ ಎಣಿಸಿದರೆ ಅವನ ಜನನವರ್ಷ ೧೩೮೨ರಿಂದ ೧೩೮೯ರವರೆಗೆ ಓಡಾಡುವುದು. ನಮ್ಮ ಕವಿಗಳ ಕಾಲನಿರ್ಣಯದಲ್ಲಿ ಹತ್ತಿಪ್ಪತ್ತು ವರ್ಷಗಳಿಗಾಗಿ ಹೋರಾಡುವ ನಾವು, ಸ್ವಂತ ಹೇಳಿಕೆ ನಾಲ್ಕಿದ್ದೂ ಏಳು ವರ್ಷ ತೂಗಾಡುವ ಈ ಶಿಲ್ಪಿಯನ್ನು ಕಂಡು ಸ್ವಲ್ಪ ಸಮಾಧಾನ ತಾಳಬಹುದು.

ವಯಸ್ಸಿನ ವಿಷಯದಲ್ಲಿ ದೊನಾತೆಲ್ಲೊ ಒಬ್ಬಂಟಿಯಲ್ಲ. ೩೦, ೪೦, ೫೦ ಎಂಬ ಗುಂಡಂಕಿಗಳ ವಯಸ್ಸಿನವರು ಲೆಕ್ಕದಲ್ಲಿ ಗುಂಪುಗೂಡಿದ್ದಾರೆ. ೩೧, ೩೯ರವರು ವಿರಳ. ಇದು ಮರೆವು. ಇನ್ನು ಕೆಲವು ಕಡೆ ಮರೆವಲ್ಲ, ಉಪಾಯ. ಫ್ಲಾರೆನ್ಸಿನಲ್ಲಿ ೧೪೨೫ರಲ್ಲಿ ವರದಕ್ಷಿಣೆಯ ನಿಧಿಯೊಂದು ಏರ್ಪಟ್ಟಿತು: ಮಗಳು ಚಿಕ್ಕವಳಿದ್ದಾಗ ತಂದೆ ಹಣವಿಟ್ಟರೆ ಮದುವೆಯ ಕಾಲಕ್ಕೆ ಅದು ಬೆಳೆದು ಬರುತ್ತಿತ್ತು. ಆ ನಿಧಿಯ ಪುಸ್ತಕದಲ್ಲಿ ಬರೆದ ವಯಸ್ಸನ್ನೂ ತೆರಿಗೆಯ ಹೇಳಿಕೆಯಲ್ಲಿ ಬರೆದ ವಯಸ್ಸನ್ನೂ ಆಂಥೊನಿ ಮೊಲ್ಹೊ ಎಂಬ ಚರಿತ್ರಕಾರನು ಹೋಲಿಸಿ, ತಂದೆಗಳು ಬೆಳೆದ ಹೆಣ್ಣುಮಕ್ಕಳ ವಯಸ್ಸನ್ನು ತೆರಿಗೆಯ ಕಾಗದದಲ್ಲಿ ತಗ್ಗಿಸಿ ಬರೆಯುತ್ತಿದ್ದರೆಂದು ೧೯೮೮ರಲ್ಲಿ ತೋರಿಸಿದನು. ಇದರಿಂದ ತೆರಿಗೆಯಲ್ಲಿ ಒಂದು ಕಾಸೂ ಉಳಿಯದು. ಬಾಯಿ ಹದಿನಾಲ್ಕರದಾದರೂ ಹದಿನೆಂಟರದಾದರೂ ಕಳೆತ ೨೦೦ ಫ್ಲಾರಿನ್ನೇ. ತೆರಿಗೆಯ ಪುಸ್ತಕ ಊರಿನ ಕಣ್ಣಿಗೆ ಬೀಳುವ ಪುಸ್ತಕ, ಮದುವೆಯ ಸಂತೆಯಲ್ಲಿ ಅದೂ ಸಾಕ್ಷಿಯಾಗುತ್ತದೆ ಎಂಬ ಎಣಿಕೆ ಇದರ ಹಿಂದೆ ಇದ್ದಿರಬೇಕೆಂದು ನಮ್ಮ ಊಹೆ. ಮದುವೆಯ ವಯಸ್ಸು ಮೀರಿತೆಂಬ ಮಾತಿಗೆ ಅಂಜಿ ಜಾತಕ ತಿದ್ದಿದವರನ್ನು ಬಲ್ಲ ನಮ್ಮ ವಾಚಕರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಹೀಗೆಂದು ಈ ಹೇಳಿಕೆಗಳನ್ನು ತಳ್ಳಿಹಾಕುವುದೂ ಸಲ್ಲದು. ಒಬ್ಬನು ತನ್ನ ಲಾಭಕ್ಕಾಗಿ ಹೇಳುವಾಗ, ಲಾಭಕ್ಕೆ ಸಂಬಂಧಿಸದ ಎಷ್ಟೋ ಸಂಗತಿಗಳನ್ನು ಕೈಮೀರಿ ಹೇಳಿಬಿಡುತ್ತಾನೆ. ದೊನಾತೆಲ್ಲೊ ತನಗೆ ಬರಬೇಕಾದ ಹಣದ ಪಟ್ಟಿಯಲ್ಲಿ, ಸಿಯೆನಾ ನಗರದ ದೇವಾಲಯದವರಿಂದ ಹಿತ್ತಾಳೆಯ ಚಿತ್ರಫಲಕಕ್ಕಾಗಿ ೧೮೦ ಫ್ಲಾರಿನ್ನನ್ನೂ, ಓನ್ಯಿಸ್ಸಾಂತಿ ಮಠದ ಸನ್ಯಾಸಿಗಳಿಂದ ಸಂತ ರೊಸ್ಸೋರೆಯ ಅರ್ಧಪ್ರತಿಮೆಯೊಂದಕ್ಕೆ ಇನ್ನೂ ಗೊತ್ತಾಗದ ಬೆಲೆಯನ್ನೂ ನಮೂದಿಸಿರುವನು. ಆ ಬೆಲೆ ೩೦ ಫ್ಲಾರಿನ್ನಿಗೆ ಮೇಲಾದೀತೆಂದು ಅವನ ನಂಬಿಕೆ. ಹೊನ್ನಿನ ಮುಲಾಮಿನ ಈ ಕಂಚಿನ ಪ್ರತಿಮೆ ಮುಂದೆ ಪೀಸಾ ನಗರಕ್ಕೆ ಸಾಗಿ, ಈಗ ಅಲ್ಲಿನ ವಸ್ತುಸಂಗ್ರಹಾಲಯದಲ್ಲಿದೆ. ಅದನ್ನು ಮಾಡಿದ ಕೈ ಯಾರದು, ಯಾವ ವರ್ಷಗಳದು ಎಂಬುದಕ್ಕೆ ಮುಖ್ಯ ಆಧಾರ ತೆರಿಗೆಯ ಅಧಿಕಾರಿಗೆ ಬರೆದ ಈ ಒಂದು ಸಾಲು. ತೆರಿಗೆ ತಪ್ಪಿಸುವ ಇಚ್ಛೆಯುಳ್ಳವನು ಬರಬೇಕಾದ ಹಣವನ್ನು ಸುಳ್ಳಾಗಿ ಹೆಚ್ಚಿಸಿ ಬರೆಯುವುದಿಲ್ಲವಾದ್ದರಿಂದ ಇಂಥ ಸಾಲುಗಳನ್ನು ಸಂಕೋಚವಿಲ್ಲದೆ ನಂಬಬಹುದು. ಕಳೆತದ ಕಡೆಯ ಮಾತಿಗೆ, ಅಂದರೆ ಸಾಲ, ರೋಗ, ಮುಪ್ಪು, ಹಿಂದಿರುಗದ ಬಾಕಿ, ಇವುಗಳಿಗೆ, ಬೇರೆ ಸಾಕ್ಷ್ಯ ಬೇಕು. ಬರುವ ಹಣದ ಕಡೆಯ ಮಾತಿಗೆ ಅಷ್ಟು ಬೇಡ. ಈ ಕಾಗದಗಳನ್ನು ಓದುವವರಿಗೆ ಇದಕ್ಕಿಂತ ಒಳ್ಳೆಯ ಸೂತ್ರವನ್ನು ನಾವು ಕಂಡಿಲ್ಲ.

ವರ್ತಕರ ವಿಷಯ ಇನ್ನೂ ತೊಡಕಿನದು. ಅವರು ಹಿಂದಿರುಗುವ ಬಾಕಿ, ಹಿಂದಿರುಗದ ಬಾಕಿ ಎಂದು ಎರಡು ಪಟ್ಟಿಗಳನ್ನು ಕೊಡುತ್ತಿದ್ದರು. ಎರಡನೆಯದು ಉದ್ದವಾಗುತ್ತಿದ್ದುದನ್ನು ಹೇಳಬೇಕಾಗಿಲ್ಲ. ಅಂಗಡಿಯ ಮೇಜಿನ ಮೇಲಿದ್ದ ಲೆಕ್ಕದ ಪುಸ್ತಕವಲ್ಲದೆ, ಯಜಮಾನನು ಬೀಗ ಹಾಕಿ ಇಟ್ಟುಕೊಳ್ಳುತ್ತಿದ್ದ ‘ಗುಪ್ತ ಪುಸ್ತಕ’ವೊಂದು ಪ್ರತ್ಯೇಕವಾಗಿರುತ್ತಿದ್ದಿತು. ಮೆದಿಚಿ ಮನೆತನದ ಇಂಥ ಗುಪ್ತ ಪುಸ್ತಕಗಳು ೧೯೫೦ರಲ್ಲಿ ಅದೇ ಪತ್ರಾಗಾರದಲ್ಲಿ ಸಿಕ್ಕಿದುವು; ಅವುಗಳನ್ನು ಆಧರಿಸಿ ಆ ಮನೆತನದ ಲೇವಾದೇವಿಯ ಚರಿತ್ರೆಯನ್ನು ಬರೆದ ರೇಮಂಡ್ ದ ರೂವರನು, ಜೊವಾನ್ನಿಯ ಮಗ ಕೊಸಿಮೊ ಮುಂದೆ ತೆರಿಗೆಗೆ ಕೊಟ್ಟ ಲೆಕ್ಕಗಳು ಪೂರ್ಣಸತ್ಯವಲ್ಲವೆಂದು ಅಭಿಪ್ರಾಯಪಟ್ಟನು. ೧೪೨೭ರಲ್ಲಿ ಎಲ್ಲರಿಗಿಂತ ಸಿರಿವಂತನೆಂದು ಲೆಕ್ಕದಲ್ಲಿ ಕಾಣುವವನು ಪಾಲ್ಲಾ ಸ್ತ್ರೊತ್ಸಿ; ಕಳೆತಗಳಾದ ಮೇಲೂ ಅವನ ಆಸ್ತಿ ಲಕ್ಷ ಫ್ಲಾರಿನ್ನಿಗೆ ಮೇಲ್ಪಟ್ಟಿದ್ದಿತು. ಅವನನ್ನು ೧೪೩೪ರಲ್ಲಿ ಕೊಸಿಮೊನ ಪಕ್ಷದವರು ಗಡಿಪಾರು ಮಾಡಿದರು. ಪಾದುವದಲ್ಲಿ ಗ್ರೀಕ್ ಗ್ರಂಥಗಳನ್ನು ಓದುತ್ತ, ಊರಿಗೆ ಮರಳದೆಯೇ ೧೪೬೨ರಲ್ಲಿ ಅವನು ತೀರಿಕೊಂಡನು.

ಈ ಲೆಕ್ಕಗಳನ್ನು ಒಟ್ಟಾಗಿ ಎಣಿಸುವ ಸಾಹಸವನ್ನು ಅಮೆರಿಕದ ಡೇವಿಡ್ ಹೆರ್ಲಿಹಿ, ಫ್ರಾನ್ಸಿನ ಕ್ರಿಸ್ತಿಯಾನ್ ಕ್ಲಾಪಿಷ್-ಜುಬೆರ್ ಎಂಬ ಇಬ್ಬರು ವಿದ್ವಾಂಸರು ಕೈಕೊಂಡರು. ಗಣಕಯಂತ್ರದ ಸಹಾಯದಿಂದ ನಡೆದ ಈ ಕೆಲಸದ ಫಲವಾಗಿ ಟಸ್ಕನಿಯ ಜನರನ್ನೂ ಕುಟುಂಬಗಳನ್ನೂ ಕುರಿತ ಅವರ ಮಹಾಗ್ರಂಥ ೧೯೭೮ರಲ್ಲಿ ಫ್ರೆಂಚ್ ಭಾಷೆಯಲ್ಲಿ ಹೊರಬಂದಿತು. ಸುಮಾರು ೬೦,೦೦೦ ಒಲೆಗಳು, ೨,೬೦,೦೦೦ಕ್ಕೆ ಮೇಲ್ಪಟ್ಟ ಜನ; ಅವರಲ್ಲಿ ಫ್ಲಾರೆನ್ಸ್ ನಗರದೊಳಗೆ ಸುಮಾರು ೩೭,೦೦೦. ನೂರರಲ್ಲಿ ಹದಿನಾಲ್ಕರಷ್ಟು ಜನವಿದ್ದ ಈ ನಗರದ ಕೈಯಲ್ಲಿ ಇಡೀ ಪ್ರಾಂತದ ಆಸ್ತಿಯ ಮೂರರಲ್ಲಿ ಎರಡು ಪಾಲಿನಷ್ಟು ಸೇರಿದ್ದಿತು. ನಗರದೊಳಗೂ ಸುಮಾರು ನೂರು ಮನೆತನಗಳ ಬಳಿ ನಗರದ ಆಸ್ತಿಯ ಕಾಲುಪಾಲಿಗಿಂತ ಹೆಚ್ಚಿದ್ದಿತು. ಇಂಥ ಬೆರಗುಗೊಳಿಸುವ ಚಿತ್ರವನ್ನು ಅದಕ್ಕೆ ಹಿಂದೆ ಯೂರೋಪಿನ ಯಾವ ಮಧ್ಯಯುಗದ ಪ್ರಾಂತಕ್ಕೂ ಯಾರೂ ಬಿಡಿಸಿರಲಿಲ್ಲ. ಆ ಗ್ರಂಥವನ್ನು ಎಷ್ಟು ಮೆಚ್ಚಿದರೂ ಒಂದು ಮಾತನ್ನು ಹೇಳದಿರಲಾಗದು. ಅವರು ಎಣಿಕೆಗೆ ಆಧಾರವಾಗಿ ತೆಗೆದುಕೊಂಡದ್ದು ಗುಮಾಸ್ತೆಗಳ ಖಾತೆಗಳನ್ನು, 'ಕಾಂಪಿಯೊನೆ'ಗಳನ್ನು. ಎಣಿಸುವವರಿಗೆ ಅದೇ ಸರಿ; ಅಲ್ಲಿ ಎಲ್ಲವೂ ಒಂದೇ ಅಚ್ಚಿನಲ್ಲಿದೆ. ಆದರೆ ಅವರ ತರುವಾಯ ಖಾತೆಯ ಅಂಕಿಗಳು ಲೋಕವಿಖ್ಯಾತವಾಗಿ, ಯಂತ್ರದಲ್ಲಿ ಎಲ್ಲರ ಕೈಗೂ ಸಿಕ್ಕುವಂತಾಗಿ, ಕತಾಸ್ತೊ ಎಂದರೆ ಖಾತೆಯೇ ಎಂಬ ಭಾವನೆ ಬೆಳೆಯಿತು. ಮನುಷ್ಯನ ಮಾತು ಇರುವುದು ಇನ್ನೊಂದು ಪುಸ್ತಕದಲ್ಲಿ. ಅದನ್ನು ಸಾಲುಸಾಲಾಗಿ ಓದಿಯೇ ತೀರಬೇಕು.

ಖಾತೆಯಾಗಲಿ ಹೇಳಿಕೆಯಾಗಲಿ ಮರೆತುಬಿಟ್ಟವರೂ ಉಂಟು. ಲೆಕ್ಕದಲ್ಲಿ ಗಂಡುಮಕ್ಕಳಿಗಿಂತ ಹೆಣ್ಣುಮಕ್ಕಳ ಸಂಖ್ಯೆ ಕಡಿಮೆ. ಹೆಣ್ಣು ಬಾಯಿಗೂ ಅದೇ ೨೦೦ ಫ್ಲಾರಿನ್ ಕಳೆತವಿದ್ದು, ಬರೆದರೆ ಲಾಭವಾಗುವಲ್ಲಿಯೂ, ಎಳೆಯ ಹೆಣ್ಣುಮಕ್ಕಳ ಹೆಸರು ಬಿಟ್ಟುಹೋಗಿದೆ. ಕಪ್ಪುಸಮುದ್ರದ ಕಡೆಯಿಂದ ಕೊಂಡುತಂದ ತಾರ್ತರ, ಸರ್ಕೇಸಿಯದ ದಾಸಿಯರಿಗೆ ಬಾಯಿಗಳ ಪಟ್ಟಿಯಲ್ಲಿ ಎಡೆಯೇ ಇಲ್ಲ. ಅವರನ್ನು ಆಸ್ತಿಯ ಪಟ್ಟಿಯಲ್ಲಿ ಕತ್ತೆ ಕುದುರೆಗಳ ಜೊತೆಗೆ ಬೆಲೆ ಕಟ್ಟಿ ಬರೆದಿದೆ. ಒಕ್ಕಲುಮಕ್ಕಳಾದರೆ ಎರಡು ಸಲ ಬರುತ್ತಾರೆ: ಧಣಿಯ ಹೇಳಿಕೆಯಲ್ಲಿ, ಈ ಹೊಲವನ್ನು ಅರೆಪಾಲಿಗೆ ಉಳುವವನೆಂದು ಹೆಸರು ಮಾತ್ರ, ತಮ್ಮ ಹಳ್ಳಿಯ ಪುಸ್ತಕದಲ್ಲಿ, ಧಣಿಗೆ ಕೊಡಬೇಕಾದ ಸಾಲದೊಡನೆ.

ತೆರಿಗೆಗಿಂತ ಎಣಿಕೆಯೇ ಹೆಚ್ಚು ಅವಮಾನಕರವಾಗಿ ತೋರಿದ ಊರೂ ಒಂದಿದ್ದಿತು. ಫ್ಲಾರೆನ್ಸಿಗೆ ಕಪ್ಪ ಕೊಡುತ್ತಿದ್ದ ವೊಲ್ತೆರ್ರಾ ಪಟ್ಟಣದವರು, ತಮ್ಮ ಹಳೆಯ ಒಪ್ಪಂದದಂತೆ ಗೊತ್ತಾದ ಮೊತ್ತವನ್ನು ಕೊಡುವೆವೇ ಹೊರತು ಮನೆಮನೆಯ ಆಸ್ತಿಯನ್ನು ಬರೆಯಿಸಿಕೊಡೆವೆಂದು ಹಟ ಹಿಡಿದರು. ಕರೆಕಳುಹಿಸಿದ ಹದಿನೆಂಟು ಮಂದಿ ಫ್ಲಾರೆನ್ಸಿನಲ್ಲಿ ಸೆರೆಬಿದ್ದರು. ಅವರಲ್ಲೊಬ್ಬನಾದ ಜೂಸ್ತೊ ಲಾಂದೀನಿ ಎಂಬವನು ಬಿಡುಗಡೆಯಾಗಿ ಬಂದು ೧೪೨೯ರಲ್ಲಿ ದಂಗೆಯೆಬ್ಬಿಸಿ, ಕೆಲವು ದಿನ ಊರನ್ನು ಹಿಡಿದಿದ್ದು, ಕೊನೆಗೆ ತನ್ನ ಊರಿನವರ ಕೈಯಲ್ಲಿಯೇ ಹತನಾದನು. ವೊಲ್ತೆರ್ರಾ ಮತ್ತೆ ಅಧೀನವಾಯಿತು. ಆದರೆ ೧೪೩೧ರಲ್ಲಿ ಆ ಊರನ್ನು ಕತಾಸ್ತೊದಿಂದ ಬಿಟ್ಟುಬಿಟ್ಟರು.

ನಗರದೊಳಗೂ ಹೊಸ ಕಟ್ಟಳೆಯ ಕಟ್ಟುನಿಟ್ಟು ಬಹುಕಾಲ ಉಳಿಯಲಿಲ್ಲ. ೧೪೩೦, ೧೪೩೩ರಲ್ಲಿ ಮತ್ತೆ ಲೆಕ್ಕ ಬರೆಯಿಸಿದರು. ಮೆದಿಚಿಗಳ ಕಾಲದಲ್ಲಿ ಹಳೆಯ ಊಹೆಯ ಪದ್ಧತಿಯೂ ಇದರ ಜೊತೆಗೆ ಬೆರೆಯಿತು. ೧೪೫೭, ೧೪೬೯, ೧೪೮೦ರ ಲೆಕ್ಕಗಳು ಇನ್ನೂ ಉಳಿದಿವೆ. ಮೆದಿಚಿಗಳನ್ನು ಹೊರಗಟ್ಟಿದ ಮೇಲೆ ೧೪೯೫ರಲ್ಲಿ ಭೂಮಿಯ ಹುಟ್ಟುವಳಿಯ ಹತ್ತರಲ್ಲೊಂದು ಪಾಲೆಂಬ ‘ದೆಚಿಮಾ’ ಬಂದು, ಬಂಡವಾಳ, ಸಾಲ, ಬಾಯಿಗಳ ವಿಚಾರಣೆ ನಿಂತಿತು. ಹೊಲದ ಎಲ್ಲೆಯನ್ನು ಬರೆದರೆ ಸಾಕಾಯಿತು. ಆಡಳಿತಕ್ಕೆ ಅನುಕೂಲವೇ ಆಗಿರಬೇಕು; ಮನೆಯೊಳಗಿನ ಜನರು ಮಾತ್ರ ಪುಸ್ತಕದಿಂದ ಹೊರಗೆ ನಡೆದರು.

ಕೊನೆಯದಾಗಿ ಒಂದು ಹೇಳಿಕೆಯನ್ನು ಪೂರ್ಣವಾಗಿ ನೋಡೋಣ. ೧೪೨೭ರ ಜುಲೈ ತಿಂಗಳಲ್ಲಿ ಚಿತ್ರಗಾರ ಮಸಾಚ್ಚೊನದು ಅಧಿಕಾರಿಗಳಿಗೆ ಸಂದಿತು. ಕಾರ್ಮೆಲ್ ಸನ್ಯಾಸಿಗಳ ದೇವಾಲಯದ ಗೋಡೆಯ ಮೇಲೆ ಅವನು ಬರೆದ ಚಿತ್ರಗಳಲ್ಲಿ, ತೆರಿಗೆಯವನು ಕೈಯೊಡ್ಡಿ ನಿಂತಿರಲು ಕ್ರಿಸ್ತನು ಶಿಷ್ಯನನ್ನು ಮೀನಿನ ಬಾಯಿಂದ ನಾಣ್ಯ ತರಲು ಕಳುಹಿಸುವ ಚಿತ್ರವೂ ಒಂದು. ಕತಾಸ್ತೊವನ್ನೇ ಕುರಿತು ಆ ಚಿತ್ರವನ್ನು ಬರೆಯಿಸಿದರೆಂದು ಕೆಲವರು ವಾದಿಸಿದ್ದಾರೆ. ಆ ವಾದ ನಮಗೆ ಬಿಗಿಯಾಗಿ ತೋರುವುದಿಲ್ಲ. ಕಥೆ ಬೈಬಲಿನದು, ಸಂತ ಪೀಟರನ ಕಥಾಮಾಲೆಯಲ್ಲಿ ಅದಕ್ಕೆ ಸ್ಥಾನವಿದ್ದೇ ಇದೆ. ಹೇಳಿಕೆಯಾದರೋ ಸಂದೇಹವಿಲ್ಲದ ತೆರಿಗೆಯ ಮಾತು. ಬಾಯಿಗಳು ಮೂರು: ತಾನು, ೨೫ ವರ್ಷ, ತಮ್ಮ ಜೊವಾನ್ನಿ, ೨೦, ತಾಯಿ, ೪೫. ವಾಸಕ್ಕೆ ಬಾಡಿಗೆಯ ಮನೆ, ವರ್ಷಕ್ಕೆ ೧೦ ಫ್ಲಾರಿನ್. ಬಾದಿಯಾ ಮಠದ ಬಳಿ ಕೆಲಸದ ಅಂಗಡಿಯ ಒಂದು ಭಾಗಕ್ಕೆ ೨ ಫ್ಲಾರಿನ್. ಆಸ್ತಿಯಿಲ್ಲ. ಕೊಡಬೇಕಾದುದು: ನಿಕೊಲೊ ದಿ ಸೆರ್ ಲಾಪೊ ಎಂಬ ಚಿತ್ರಗಾರನಿಗೆ ನೂರು ಲೀರೆಗಿಂತ ತುಸು ಹೆಚ್ಚು, ಚಿನ್ನದ ರೇಕು ಬಡಿಯುವವನಿಗೆ ೬ ಫ್ಲಾರಿನ್, ಗಿರವಿ ಅಂಗಡಿಗಳಿಗೆ ೪ ಲೀರೆ, ತನ್ನ ಬಳಿ ಕೆಲಸಕ್ಕಿದ್ದ ಆಂದ್ರೆಯಾ ದಿ ಜೂಸ್ತೊನಿಗೆ ಸಂಬಳದ ಬಾಕಿ ೩೫ ಲೀರೆ. ಮೂರು ಬಾಯಿಗಳಿಗೆ ೬೦೦ ಫ್ಲಾರಿನ್ ಕಳೆತವುಂಟು, ಕಳೆಯುವುದಕ್ಕೆ ಆಸ್ತಿಯಿಲ್ಲ. ಇಂಥವರ ಮೇಲೆ ಅಧಿಕಾರಿಗಳು ಮಾತುಕತೆಯಿಂದ ಸಣ್ಣ ಮೊತ್ತವೊಂದನ್ನು ಗೊತ್ತುಮಾಡುತ್ತಿದ್ದರು.

ಮರುವರ್ಷ ಮಸಾಚ್ಚೊ ರೋಮಿಗೆ ಹೋದನು. ತೆರಿಗೆಯ ಪುಸ್ತಕದಲ್ಲಿ ಅವನ ಹೆಸರಿನ ಬಳಿ, ರೋಮಿನಲ್ಲಿ ಸತ್ತನೆಂದು ಹೇಳುತ್ತಾರೆ ಎಂಬರ್ಥದ ಟಿಪ್ಪಣಿಯನ್ನು ಬೇರೊಂದು ಕೈ ಸೇರಿಸಿದೆ. ೧೪೩೦ರ ಲೆಕ್ಕಕ್ಕೆ ಹೇಳಿಕೆ ಕೊಟ್ಟವರಲ್ಲಿ ಸಾಲ ಕೊಟ್ಟಿದ್ದ ಆ ನಿಕೊಲೊನೂ ಒಬ್ಬ. ತನಗೆ ಬರಬೇಕಾದ ಹಣದ ಪಟ್ಟಿಯಲ್ಲಿ ಅವನು ಮಸಾಚ್ಚೊನ ಹೆಸರನ್ನು ಬರೆದು, ಇವನು ರೋಮಿನಲ್ಲಿ ತೀರಿಕೊಂಡನು, ಇವನ ತಮ್ಮನು ತಾನು ವಾರಸುದಾರನಲ್ಲವೆನ್ನುತ್ತಾನೆ, ಆದುದರಿಂದ ಏನಾದರೂ ಬಂದೀತೋ ಇಲ್ಲವೋ ತಿಳಿಯದು ಎಂದು ಅಧಿಕಾರಿಗಳಿಗೆ ತಿಳಿಸಿರುವನು.